ಪಂಪ್ ಬದಲಿಸದೆ ಆಯಿಲ್ ಪ್ರೆಷರ್ ಉಳಿಸಿಕೊಂಡ ಬಗೆ

ನನ್ನ ಹಳೆಯ ಜೆನ್ ಕಾರಿನಲ್ಲಿ ಈಗ ಇರುವುದು ಎಸ್ಟೀಮ್‌ನ 1298 ಸಿಸಿ ಎಂಜಿನ್. ಮಣ್ಣಿನ ಟ್ರ್ಯಾಕ್‌ನಲ್ಲಿ ಓಡಿಸುವ ಸ್ಪರ್ಧೆಯಾದ ಆಟೋಕ್ರಾಸ್‌ಗೆಂದೇ ಅದನ್ನು ಬಿಚ್ಚಿ ಕಟ್ಟಿದ್ದೇನೆ. ನೋಡಲು ಬಂದವರೆಲ್ಲ ಕ್ಯಾಮ್ ಯಾವುದು, ಎಕ್ಸಾಸ್ಟ್ ಯಾರು ಮಾಡಿಕೊಟ್ಟರು ಎಂದು ಕೇಳುತ್ತಾರೆ. ಸಂಪ್‌ನೊಳಗಿನ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಯೊಳಗಿನ, ಪಂಪ್‌ಗೆ ಆಯಿಲ್ ಹೀರಿಕೊಡುವ ಪಿಕಪ್ ಪೈಪಿನ ಬಗ್ಗೆ ಯಾರೂ ಕೇಳುವುದಿಲ್ಲ. ನಾನು ಅತಿ ಹೆಚ್ಚು ತಲೆ ಕೆಡಿಸಿಕೊಂಡದ್ದು ಅದಕ್ಕೇ.

ಕೊಡಗಿನಲ್ಲಿ ಭತ್ತದ ಕೊಯ್ಲು ಮುಗಿದ ಮೇಲೆ ಗದ್ದೆಯೇ ಟ್ರ್ಯಾಕ್ ಆಗುತ್ತದೆ. ಒಣಗಿದ ಹೆಂಟೆ, ಅರೆಬರೆ ಕಡಿದ ಬದು ಕಾರಿನ ಹೊಟ್ಟೆಗೆ ಬಡಿಯುತ್ತವೆ. ದಪ್ಪ ಗಾರ್ಡ್ ಹಾಕಲು ಜಾಗ ಬೇಕೆಂದು ಸಂಪ್‌ನ ತಳವನ್ನು 25 ಮಿ.ಮೀ. ಕತ್ತರಿಸಿ, ಕಳೆದುಹೋದ ಆಯಿಲ್ ಪ್ರಮಾಣವನ್ನು ಎರಡೂ ಬದಿ ಅಗಲಿಸಿ ತುಂಬಿಸಿಕೊಂಡೆ. ಕಂಪನಿಯ ಪಿಕಪ್ ಪೈಪು ಅದರಲ್ಲಿ ಕೂರುವಂತಿರಲಿಲ್ಲ.

ಅಗಲವಾದ, ಆಳ ಕಡಿಮೆಯಾದ ಸಂಪ್‌ನಲ್ಲಿ ಆಯಿಲ್ ಬೇಗ ಬದಿಗೆ ಸರಿಯುತ್ತದೆ. ತಿರುವಿನಲ್ಲಿ ಬದಿಗೆ ತಳ್ಳುವ ಬಲ ಅರ್ಧ ಜಿ (ಗುರುತ್ವದ ಅರ್ಧದಷ್ಟು) ಇದ್ದರೆ ಅದರ ಮೇಲ್ಮೈ ಸುಮಾರು 27 ಡಿಗ್ರಿ ವಾಲುತ್ತದೆ, ಒಂದು ಜಿ ಆದರೆ 45 ಡಿಗ್ರಿ. ಪಿಕಪ್‌ನ ಬಾಯಿ ತೆರೆದುಕೊಂಡ ಕೂಡಲೇ ಪಂಪ್ ಗಾಳಿ ಎಳೆಯುತ್ತದೆ. ಕನೆಕ್ಟಿಂಗ್ ರಾಡ್ ಕ್ರ್ಯಾಂಕ್ ಹಿಡಿಯುವ ಕಡೆಯ ಬಿಗ್ ಎಂಡ್ ಬೇರಿಂಗ್ ನಿಂತಿರುವುದೇ ಆಯಿಲ್‌ನ ತೆಳು ಪದರದ ಮೇಲೆ. ಆ ಪದರ ಹರಿದರೆ ಲೋಹಕ್ಕೆ ಲೋಹ ತಾಗುತ್ತದೆ.

ದೊಡ್ಡ ಪಂಪ್ ಹಾಕು ಎಂದು ಹಲವರು ಹೇಳಿದರು. ನಾನು ಒಪ್ಪಲಿಲ್ಲ. ಆಯಿಲ್ ಅನ್ನು ಪಂಪ್‌ನವರೆಗೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ ಮಾತ್ರ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಅದೂ ಮಂಗಳೂರಿಗಿಂತ ಹತ್ತರಲ್ಲೊಂದು ಪಾಲಿಗೂ ತುಸು ಹೆಚ್ಚೇ ಕಡಿಮೆ. ಬಾಯಿಯ ಬಳಿ ಆಯಿಲ್ ಇಲ್ಲದಿದ್ದರೆ ದೊಡ್ಡ ಪಂಪ್ ಹೆಚ್ಚು ಗಾಳಿ ಎಳೆಯುತ್ತದೆ, ಅಷ್ಟೇ.

ಮೊದಲು ಅಳತೆ. ಸಂಪ್‌ನ ತಳಕ್ಕೆ ಮಕ್ಕಳು ಆಡುವ ಜೇಡಿ ಅಂಟಿಸಿ, ಗ್ಯಾಸ್ಕೆಟ್ ಸಹಿತ ಬಿಗಿದು, ಬಿಚ್ಚಿ, ಒತ್ತಿಹೋದ ದಪ್ಪವನ್ನು ಅಳೆದೆ. ಪಿಕಪ್ ಬಾಯಿಯ ಜಾಲರಿಗೂ ತಳಕ್ಕೂ 8 ಮಿ.ಮೀ. ಅಂತರ ಇಟ್ಟುಕೊಂಡೆ. ತೀರಾ ಹತ್ತಿರವಾದರೆ ಹರಿವು ಕಟ್ಟುತ್ತದೆ, ದೂರವಾದರೆ ಬಾಯಿ ಬೇಗ ತೆರೆದುಕೊಳ್ಳುತ್ತದೆ. ಪೈಪನ್ನು ಕತ್ತರಿಸಿ ಬ್ರೇಜ್ ಮಾಡಿಸಿದ್ದು (ಹಿತ್ತಾಳೆಯಂಥ ಲೋಹ ಕರಗಿಸಿ ಬೆಸೆಸಿದ್ದು) ವಿರಾಜಪೇಟೆಯ ಒಂದು ಶೆಡ್ಡಿನಲ್ಲಿ. “ಒಳಗೆ ಕಿಟ್ಟ ಉಳಿಯದಂತೆ ನಾನೇ ತಿಕ್ಕಿ ಕೊಡುತ್ತೇನೆ, ನೀವು ಅವಸರ ಮಾಡಬೇಡಿ” ಎಂದರು ಅಲ್ಲಿನ ಅಣ್ಣ, ಹಾಗೆಯೇ ಮಾಡಿಕೊಟ್ಟರು. ಬಳಿಕ ಒಂದು ತುದಿ ಮುಚ್ಚಿ, ನೀರಿನಲ್ಲಿ ಮುಳುಗಿಸಿ, ಕಡಿಮೆ ಒತ್ತಡದ ಗಾಳಿ ಬಿಟ್ಟು ಗುಳ್ಳೆ ಬರುತ್ತದೆಯೇ ಎಂದು ನೋಡಿದೆ. ಹೀರುವ ಬದಿಯ ಸೀಳಿನಿಂದ ಹೊರಗೆ ಒಂದು ಹನಿಯೂ ಸೋರುವುದಿಲ್ಲ, ಒಳಗೆ ಗಾಳಿ ಸೇರುತ್ತದೆ. ಆದ್ದರಿಂದ ಎಂಜಿನ್ ಕೂರಿಸಿದ ಮೇಲೆ ಹುಡುಕಿದರೆ ಸಿಗುವುದಿಲ್ಲ. ಪೈಪಿನ ಜೋಡಣೆ ಮುಚ್ಚುವ ರಬ್ಬರ್ ಬಳೆ, ಓ-ರಿಂಗ್, ಹೊಸದೇ ಇರಬೇಕು, ಆಯಿಲ್ ಸವರಿ ಕೂರಿಸಬೇಕು. ಕಂಪನಕ್ಕೆ ಬೆಸುಗೆ ಬಿರಿಯದಂತೆ ಪೈಪಿನಿಂದ ಮೇನ್ ಬೇರಿಂಗ್ ಕ್ಯಾಪ್‌ನ ಬೋಲ್ಟಿಗೆ ಒಂದು ಪಟ್ಟಿ ಕಟ್ಟಿದೆ.

ಇನ್ನು ಬ್ಯಾಫಲ್, ಅಂದರೆ ಆಯಿಲ್ ಸರಿಯದಂತೆ ತಡೆಯುವ ಗೋಡೆ. ಪಿಕಪ್ ಸುತ್ತ ನಾಲ್ಕು ಗೋಡೆಯ ಪೆಟ್ಟಿಗೆ ಮಾಡಿ, ಎಡಬಲದ ಗೋಡೆಗಳಿಗೆ ಒಳಮುಖವಾಗಿ ಮಾತ್ರ ತೆರೆಯುವ ಬಾಗಿಲು ಇಟ್ಟೆ. ಗದ್ದೆಯ ಬದುವಿಗೆ ತೂಬು ಇಟ್ಟಂತೆ: ಬಂದದ್ದು ಒಳಗೆ ನಿಲ್ಲಬೇಕು, ತಿರುವಿನಲ್ಲಿ ಹೊರಗೆ ಓಡಬಾರದು. ಕೀಲು ಸಡಿಲವಾಗಿಯೇ ಇರಲಿ. ಮುಚ್ಚಿಕೊಂಡು ಸಿಕ್ಕಿಬಿದ್ದ ಬಾಗಿಲು ಬಾಗಿಲೇ ಇಲ್ಲದ್ದಕ್ಕಿಂತ ಅಪಾಯ. ಸಂಪ್‌ಗೆ ಆಯಿಲ್ ಸುರಿದು ಕೈಯಲ್ಲೇ ವಾಲಿಸಿ ಪರೀಕ್ಷಿಸಿದೆ. ಪೆಟ್ಟಿಗೆಯ ಮೇಲಿನ ತಗಡು ಕನೆಕ್ಟಿಂಗ್ ರಾಡಿಗೆ ತಾಗುವುದಿಲ್ಲ ಎಂಬುದನ್ನು ಕ್ರ್ಯಾಂಕ್ ಕೈಯಿಂದ ತಿರುಗಿಸಿ ಖಾತ್ರಿ ಮಾಡಿಕೊಂಡೆ. ಡಿಪ್‌ಸ್ಟಿಕ್‌ಗೆ ಹೊಸ ಗೆರೆ ಕೊರೆದೆ.

ಕಂಪನಿಯ ಎಚ್ಚರಿಕೆ ದೀಪವನ್ನು ನಾನು ನಂಬುವುದಿಲ್ಲ. ಅದು ಹೊತ್ತಿಕೊಳ್ಳುವ ಹೊತ್ತಿಗೆ ಪ್ರೆಷರ್ ಹೆಚ್ಚುಕಡಿಮೆ ಇಲ್ಲವಾಗಿರುತ್ತದೆ. ಸುಮಾರು 1.4 ಬಾರ್‌ಗೇ ಹೊತ್ತುವ ಸ್ವಿಚ್, ಜೊತೆಗೆ ಗೇಜ್ ಹಾಕಿದೆ. ಗೋಣಿಕೊಪ್ಪದ ಹತ್ತಿರದ ಗದ್ದೆಯಲ್ಲಿ ಆಯಿಲ್ ಚೆನ್ನಾಗಿ ಬಿಸಿಯಾದ ಮೇಲೆ ಓಡಿಸಿದಾಗ, ಉದ್ದನೆಯ ತಿರುವುಗಳಲ್ಲಿ ಸೂಜಿ ಮೂರೂವರೆ ಬಾರ್ ಆಸುಪಾಸಿನಲ್ಲೇ ನಿಂತಿತು. ಇಳಿಜಾರಿನಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿ ತಿರುಗಿಸುವಾಗ ಮಾತ್ರ ಇನ್ನೂ ಒಮ್ಮೆ ಕೆಳಗಿಳಿದು ಬರುತ್ತದೆ. ಮುಂದಕ್ಕೆ ನುಗ್ಗುವ ಆಯಿಲ್ ಅನ್ನು ಪೆಟ್ಟಿಗೆಯೊಳಗೆ ಹಿಡಿಯಲು ಹಿಂದಿನ ಗೋಡೆಗೂ ಒಂದು ಬಾಗಿಲು ಕತ್ತರಿಸುತ್ತಿದ್ದೇನೆ.