ಯೆಜ್ಡಿ ಏಳುತ್ತಿಲ್ಲವೇ? ಕಿಕ್ ನಿಲ್ಲಿಸಿ, ಪ್ಲಗ್ ಬಿಚ್ಚಿ

ಜಾವಾ, ಯೆಜ್ಡಿ ಬೈಕುಗಳನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಅಲ್ಲಿಂದ ಹೊರಬಿದ್ದ ಕೊನೆಯ ಗಾಡಿಗೂ ಈಗ ಮೂವತ್ತರ ಆಸುಪಾಸು. ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತ ಇಂಥ ಗಾಡಿ ಹತ್ತು ಕಿಕ್ಕಿಗೆ ಏಳದಿದ್ದರೆ ನಲವತ್ತಕ್ಕೂ ಏಳುವುದಿಲ್ಲ. ಎಂಜಿನ್ನಿನೊಳಗೆ ಪೆಟ್ರೋಲ್ ತುಂಬುತ್ತದೆ, ಮೀನಖಂಡ ಹಿಡಿದುಕೊಳ್ಳುತ್ತದೆ, ಅಷ್ಟೇ.

ಇಲ್ಲಿ ಹೇಳಿರುವುದು 6 ವೋಲ್ಟ್ ಬ್ಯಾಟರಿ, ಡೈನಮೊ ಮತ್ತು ಪಾಯಿಂಟ್ (ಪ್ಲಗ್ಗಿನ ಕಿಡಿಗಾಗಿ ಕರೆಂಟನ್ನು ಕೂಡಿಸಿ ಬಿಡಿಸುವ ಸ್ವಿಚ್) ಇರುವ 250 ಸಿಸಿ ಜಾವಾ, ಯೆಜ್ಡಿಗಳಿಗೆ. ಕೈಗೆ ಬೇಕಾದದ್ದು ಪ್ಲಗ್ ಸ್ಪ್ಯಾನರ್, ಸ್ಕ್ರೂಡ್ರೈವರ್, 0.4 ಮಿ.ಮೀ. ಎಲೆಯಿರುವ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳು), ಎರಡು ವೈರ್ ಸಿಕ್ಕಿಸಿದ 6 ವೋಲ್ಟ್ ಬಲ್ಬ್, 400 ನಂಬರಿನ ಎಮರಿ ಕಾಗದ.

ಪ್ಲಗ್ ಏನು ಹೇಳುತ್ತದೆ?

ಐದಾರು ಕಿಕ್ ಹೊಡೆದ ಕೂಡಲೇ ಪ್ಲಗ್ ಬಿಚ್ಚಿ ತುದಿ ನೋಡಿ. ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಕರೆಂಟ್ ಇಲ್ಲ ಅಥವಾ ಸಾಲುತ್ತಿಲ್ಲ. ಒಣಗಿದ್ದರೆ ಪೆಟ್ರೋಲೇ ತಲುಪಿಲ್ಲ. ಮುಂದಿನ ಕೆಲಸ ಯಾವ ಕಡೆ ಎಂಬುದು ಇಲ್ಲಿಗೆ ತೀರ್ಮಾನವಾಯಿತು. ಕಾರ್ಬೊರೇಟರ್ ಬಿಚ್ಚಿ ಹರಡಿಕೊಂಡು ಕೂತ ಮೇಲೆ ಪ್ಲಗ್ ನೆನಪಾಗುವುದು ಉಲ್ಟಾ ದಾರಿ.

ತುದಿಯಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ ಓವರ್‌ಫ್ಲೋ. ಪೆಟ್ರೋಲ್ ಕಾಕ್ ಮುಚ್ಚಿ, ಕೀ ಆಫ್ ಮಾಡಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು, ಪ್ಲಗ್ ಇಲ್ಲದೆಯೇ ಹದಿನೈದು ಕಿಕ್ ಹೊಡೆಯಿರಿ. ಒಳಗಿನದು ತೂತಿನಿಂದ ಚಿಮ್ಮುತ್ತದೆ. ಮುಖ ದೂರವಿರಲಿ, ಹತ್ತಿರ ಬೀಡಿ ಸಿಗರೇಟು ಬೇಡ. ಇನ್ನೊಂದು ಮಾತು: ಈ ಗಾಡಿಯಲ್ಲಿ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತದೆ. ತಿರುಗಿಸುವ ಮುಂಚೆ ಗಾಡಿ ನ್ಯೂಟ್ರಲ್‌ನಲ್ಲಿದೆಯೇ ಎಂದು ಹಿಂದೆಮುಂದೆ ತಳ್ಳಿ ನೋಡಿಕೊಳ್ಳಿ.

ಕರೆಂಟ್ ಇಲ್ಲದಿದ್ದರೆ

ಕೀ ಆನ್ ಮಾಡಿದಾಗ ಡೈನಮೊದ ಕೆಂಪು ದೀಪ ಹೊತ್ತಬೇಕು. ಹೊತ್ತದಿದ್ದರೆ, ಬಲ್ಬ್ ಸುಟ್ಟಿಲ್ಲ ಎಂದಾದರೆ, ಬ್ಯಾಟರಿ, ಫ್ಯೂಸ್, ಅರ್ಥ್ ವೈರ್ ನೋಡಿ. ಬ್ಯಾಟರಿಯ ಮೇಲೆ ನೇರವಾಗಿ ಟೆಸ್ಟ್ ಬಲ್ಬ್ ಇಟ್ಟಾಗ ಅದು ಮಂಕಾಗಿ ಉರಿದರೆ ಮೊದಲು ಚಾರ್ಜ್ ಮಾಡಿಸಿ. ಇಲ್ಲಿ ಪ್ಲಗ್ಗಿಗೆ ಕಿಡಿ ಒದಗಿಸುವ ಕಾಯಿಲ್‌ಗೆ ಕರೆಂಟ್ ಬರುವುದು ಬ್ಯಾಟರಿಯಿಂದ, ಅದು ಸತ್ತಿದ್ದರೆ ಎಷ್ಟು ತುಳಿದರೂ ವ್ಯರ್ಥ.

ದೀಪ ಸರಿಯಿದ್ದರೆ ಎಂಜಿನ್ನಿನ ಬಲಗಡೆಯ ಮುಚ್ಚಳ ತೆಗೆಯಿರಿ. ಪಾಯಿಂಟ್ ಅಲ್ಲೇ ಇದೆ. ನಿಂತ ಗಾಡಿ ಕೈಕೊಡುವುದು ಹೆಚ್ಚಾಗಿ ಇಲ್ಲಿಯೇ: ತೇವಕ್ಕೆ ಪಾಯಿಂಟಿನ ಮುಖದ ಮೇಲೆ ಬೂದುಬಣ್ಣದ ತೆಳು ಪೊರೆ ಕಟ್ಟುತ್ತದೆ, 6 ವೋಲ್ಟಿಗೆ ಅದನ್ನು ದಾಟುವ ಶಕ್ತಿ ಸಾಲದು. ಎಮರಿಯ ಚೂರನ್ನು ನಡುವೆ ಇಟ್ಟು ಎರಡೂ ಮುಖಗಳನ್ನು ನಾಲ್ಕು ಸಲ ಉಜ್ಜಿ, ಆಮೇಲೆ ಹಳೆಯ ಲಗ್ನಪತ್ರಿಕೆಯಂಥ ದಪ್ಪ ಕಾಗದ ಎಳೆದು ಪುಡಿ ತೆಗೆಯಿರಿ. ಎಂಜಿನ್ ತಿರುಗಿಸುತ್ತ ಪಾಯಿಂಟ್ ಅತಿ ಹೆಚ್ಚು ತೆರೆದ ಜಾಗದಲ್ಲಿ ನಿಲ್ಲಿಸಿ ಗ್ಯಾಪ್ 0.4 ಮಿ.ಮೀ.ಗೆ ಕೂರಿಸಿ. ಎಲೆ ತುಸು ಹಿಡಿದುಕೊಂಡು ಜಾರಬೇಕು, ಸಡಿಲವಾಗಿ ಓಡಾಡಬಾರದು. ಪಾಯಿಂಟನ್ನು ತೆರೆಯುವ ಕ್ಯಾಮ್‌ಗೆ ಉಜ್ಜುವ ಫೈಬರ್ ಸವೆದಷ್ಟೂ ಈ ಗ್ಯಾಪ್ ಕಡಿಮೆಯಾಗುತ್ತ ಹೋಗುತ್ತದೆ, ಜೊತೆಗೆ ಟೈಮಿಂಗೂ ಜರುಗುತ್ತದೆ.

ಈಗ ಪರೀಕ್ಷೆ. ಪ್ಲಗ್ ಗ್ಯಾಪ್ 0.6 ಮಿ.ಮೀ. ಇಟ್ಟು, ಕ್ಯಾಪ್‌ಗೆ ಸಿಕ್ಕಿಸಿ, ಪ್ಲಗ್ಗಿನ ಮೈಯನ್ನು ಹೆಡ್ಡಿಗೆ ತಾಗಿಸಿಡಿ. ಪ್ಲಗ್ ತೂತಿನ ಹತ್ತಿರ ಮಾತ್ರ ಬೇಡ, ತೂತಿಗೆ ಬಟ್ಟೆ ತುರುಕಿ. ಪಾಯಿಂಟ್ ಕೂಡಿರುವ ಜಾಗಕ್ಕೆ ಎಂಜಿನ್ ತಂದು, ಕೀ ಆನ್ ಮಾಡಿ, ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರ್‌ನಿಂದ ಪಾಯಿಂಟನ್ನು ಫಕ್ಕನೆ ಬಿಡಿಸಿ. ಪ್ಲಗ್‌ನಲ್ಲಿ ಚಟ್ಟೆಂದು ನೀಲಿ ಕಿಡಿ ಬಂದರೆ ಸರಿ. ಕಿಡಿ ಕೆಂಪಗೆ ಎಳೆಯಾಗಿದ್ದು, ಪಾಯಿಂಟಿನ ಮಧ್ಯೆಯೇ ದೊಡ್ಡ ಕಿಡಿ ಹಾರಿದರೆ ಅದನ್ನು ತಡೆಯಬೇಕಾದ ಕಂಡೆನ್ಸರ್ ಹೋಗಿದೆ, ಬದಲಾಯಿಸಿ. ತಣ್ಣಗಿದ್ದಾಗ ಎದ್ದು, ಬಿಸಿಯಾದ ಮೇಲೆ ನಿಂತು, ಅರ್ಧ ಗಂಟೆ ಬಿಟ್ಟು ಮತ್ತೆ ಏಳುವ ಗಾಡಿಯಲ್ಲೂ ಮೊದಲ ಅನುಮಾನ ಕಂಡೆನ್ಸರ್ ಮೇಲೆ, ಆಮೇಲೆ ಕಾಯಿಲ್ ಮೇಲೆ. ಪರೀಕ್ಷೆ ಮುಗಿದೊಡನೆ ಕೀ ಆಫ್ ಮಾಡಿ. ಪಾಯಿಂಟ್ ಕೂಡಿದ್ದಾಗ ಕೀ ಹಾಗೇ ಬಿಟ್ಟರೆ ಕಾಯಿಲ್ ಬಿಸಿಯಾಗುತ್ತದೆ, ಬ್ಯಾಟರಿ ಇಳಿಯುತ್ತದೆ.

ಪೆಟ್ರೋಲ್ ಬರದಿದ್ದರೆ

ಕಾರ್ಬೊರೇಟರ್ ಕಡೆಯ ಪೈಪ್ ಎಳೆದು ಕಾಕ್ ತೆರೆಯಿರಿ. ಧಾರೆ ಬಾರದೆ ಹನಿ ಬಿದ್ದರೆ ಟ್ಯಾಂಕ್ ಮುಚ್ಚಳ ತೆಗೆದು ನೋಡಿ. ಆಗ ಸುರಿದರೆ ಮುಚ್ಚಳದ ಗಾಳಿತೂತು ಕಟ್ಟಿದೆ. ತೆಗೆದರೂ ಹನಿಯೇ ಆದರೆ ಕಾಕ್ ಜಾಲರಿಯಲ್ಲಿ ತುಕ್ಕು ತುಂಬಿದೆ.

ಬಂದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಬಿಡಿ. ಈಗಿನ ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಅದು ನೀರು ಹೀರಿ, ತೀರಾ ಹೆಚ್ಚಾದಾಗ ಬೇರ್ಪಟ್ಟು ತಳಕ್ಕೆ ಕೂರುತ್ತದೆ, ಕಾಕ್ ಎಳೆಯುವುದೂ ತಳದಿಂದಲೇ. ಬಾಟಲಿಯಲ್ಲಿ ಎರಡು ಪದರ ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಹೊಸದಾಗಿ ಹಾಕುವಾಗ ಲೀಟರಿಗೆ 40 ಮಿ.ಲೀ. 2ಟಿ (ಎರಡು ಸ್ಟ್ರೋಕ್ ಎಂಜಿನ್ನಿನ) ಆಯಿಲ್ ಬೆರೆಸಿ.

ಪೆಟ್ರೋಲ್ ಚೆನ್ನಾಗಿದ್ದೂ ಪ್ಲಗ್ ಒಣಗಿದ್ದರೆ ಕಾರ್ಬೊರೇಟರಿನ ಫ್ಲೋಟ್ ಬಟ್ಟಲು ತೊಳೆದು, ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ ಬಿಚ್ಚಿ ಗಾಳಿ ಹೊಡೆಯಿರಿ. ಸೂಜಿ, ತಂತಿ ತೂರಿಸಬೇಡಿ. ಜೆಟ್ ಹಿತ್ತಾಳೆಯದು, ತೂತು ದೊಡ್ಡದಾದರೆ ಮತ್ತೆ ಸರಿಯಾಗದು.

ಎರಡೂ ಸರಿಯಿದ್ದು ಏಳದಿದ್ದರೆ

ಪ್ಲಗ್ ತೂತಿಗೆ ಹೆಬ್ಬೆರಳು ಒತ್ತಿ ಯಾರಿಂದಾದರೂ ಕಿಕ್ ಹೊಡೆಸಿ, ಒಳಗಿನ ಗಾಳಿ ಬೆರಳನ್ನು ದೂಡಿ ಎಬ್ಬಿಸಬೇಕು. ಎಬ್ಬಿಸದಿದ್ದರೆ ಪಿಸ್ಟನ್ ರಿಂಗ್, ಸಿಲಿಂಡರಿನ ಬೋರ್ ಸವೆದಿವೆ. ಸೈಲೆನ್ಸರ್ ಬಾಯಿಗಳನ್ನೂ ನೋಡಿ: ಕಣಜ ಮಣ್ಣಿನ ಗೂಡು ಕಟ್ಟಿರುವುದುಂಟು, ಕರಿ ಗಟ್ಟಿಯಾಗಿ ಕೂತಿರುವುದಂತೂ ಸಾಮಾನ್ಯ.

ಎದ್ದ ಮೇಲೆ ಮೊದಲ ಐದು ನಿಮಿಷ ದಟ್ಟ ಹೊಗೆ ಬಂದರೆ ಗಾಬರಿ ಬೇಡ, ಸೈಲೆನ್ಸರ್‌ನಲ್ಲಿ ನಿಂತ ಹಳೆಯ ಆಯಿಲ್ ಸುಡುತ್ತಿದೆ. ಎರಡು ಮೂರು ದಿನ ಓಡಿಸಿದರೂ ಹೊಗೆ ನಿಲ್ಲದೆ, ಗೇರ್ ಬಾಕ್ಸಿನ ಆಯಿಲ್ ಇಳಿಯುತ್ತಿದ್ದರೆ ಆ ಆಯಿಲ್ ಎಂಜಿನ್ನಿಗೆ ನುಗ್ಗದಂತೆ ತಡೆಯುವ ಎಡಗಡೆಯ ಕ್ರ್ಯಾಂಕ್ ಸೀಲ್ ಹೋಗಿದೆ. ಅದು ಮನೆಯಂಗಳದ ಕೆಲಸವಲ್ಲ, ಎರಡು ಸ್ಟ್ರೋಕ್ ಎಂಜಿನ್ನಿನಲ್ಲಿ ಕೈ ಪಳಗಿದ ಮೆಕ್ಯಾನಿಕ್ಕೇ ಬೇಕು.