ಜರಡಿಗೆ ಪ್ಲಗಿನ್ ಹಾಕಿದ ಕಥೆ

ಗೆಳೆಯನ ಪುಟ್ಟ ಪ್ರಕಾಶನದ ಹಳೆಯ ಪುಸ್ತಕಗಳೆಲ್ಲ ನುಡಿ ಮತ್ತು ಬರಹ ತಂತ್ರಾಂಶಗಳ ಆಸ್ಕಿ ಫಾಂಟುಗಳಲ್ಲೇ (ರೋಮನ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ಆಕಾರ ತೊಡಿಸಿದ ಫಾಂಟುಗಳು) ಉಳಿದಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ರೋಮನ್ ಅಕ್ಷರಗಳ ಕಲಸುಮೇಲೋಗರ. ಅವುಗಳನ್ನು ಯೂನಿಕೋಡಿಗೆ, ಅಂದರೆ ಕನ್ನಡದ ಅಕ್ಷರಗಳಿಗೂ ತಮ್ಮದೇ ಸಂಕೇತವಿರುವ ಜಾಗತಿಕ ವ್ಯವಸ್ಥೆಗೆ, ತರಲು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಕಮಾಂಡ್ ಬರೆದು ‘ಜರಡಿ’ ಎಂದು ಹೆಸರಿಟ್ಟೆ. ಟರ್ಮಿನಲ್‌ನಲ್ಲಿ ಕಡತದ ಹೆಸರು ಕೊಟ್ಟರೆ ಆಯಿತು, ಯೂನಿಕೋಡ್ ಪಠ್ಯ ಹೊರಬರುತ್ತದೆ.

ಅಕ್ಷರಕ್ಕೆ ಅಕ್ಷರ ಬದಲಿಸಿದರೆ ಮುಗಿಯುವ ಕೆಲಸ ಇದಲ್ಲ. ಹಳೆಯ ಫಾಂಟುಗಳಲ್ಲಿ ಚಿಹ್ನೆಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ಕೂತಿರುತ್ತವೆ. ‘ಕರ್ನಾಟಕ’ ಎಂಬ ಪದದಲ್ಲಿ ಅರ್ಕಾವತ್ತು ‘ನಾ’ ಆದ ಮೇಲೆ ಸಿಗುತ್ತದೆ. ಯೂನಿಕೋಡಿನಲ್ಲಿರುವುದು ಉಚ್ಚಾರಣೆಯ ಕ್ರಮ. ಆ ‘ರ್’ ಅನ್ನು ಎತ್ತಿ ‘ನಾ’ಗಿಂತ ಮೊದಲು ಕೂರಿಸಬೇಕು. ಇಷ್ಟನ್ನು ಸರಿಮಾಡಿದಾಗ ಕೆಲಸ ಮುಗಿಯಿತೆಂದೇ ಅಂದುಕೊಂಡಿದ್ದೆ.

ಆಮೇಲೆ ಇನ್ನೊಬ್ಬ ಪ್ರಕಾಶಕರು ಬಂದರು. ಅವರ ಫಾಂಟಿನಲ್ಲಿ ಎರಡು ಚಿಹ್ನೆಗಳ ಜಾಗ ಬೇರೆ. ಒಂದು ‘ಇಫ್’ (‘ಹೀಗಿದ್ದರೆ ಹೀಗೆ ಮಾಡು’ ಎಂಬ ಷರತ್ತು) ಸೇರಿಸಿದೆ. ಮೂರನೆಯವರಿಗೆ ಅಂಕಿಗಳೆಲ್ಲ ಕನ್ನಡದಲ್ಲೇ ಬೇಕಿತ್ತು. ಮತ್ತೊಂದು ‘ಇಫ್’. ಯಾರದೋ ಮನೆಯ ಪದ್ಧತಿಗಾಗಿ ನನ್ನ ಕಡತದಲ್ಲಿ ಸಾಲು ಬೆಳೆಯುತ್ತಿತ್ತು. ಒಬ್ಬರಿಗಾಗಿ ತಿದ್ದಿದರೆ ಇನ್ನೊಬ್ಬರದು ಕೆಡುತ್ತಿತ್ತು. ಮೂರನೆಯವರು ಕೇಳುವ ತನಕ ಪ್ಲಗಿನ್ (ಮೂಲ ಕೋಡ್ ಮುಟ್ಟದೆ ಹೊರಗಿನಿಂದ ಸೇರಿಸುವ ಪುಟ್ಟ ಪ್ರೋಗ್ರಾಂ) ಮಾತೇ ಬೇಡ ಎಂಬುದು ನನ್ನ ಅಭಿಪ್ರಾಯ. ಒಬ್ಬರೇ ಇದ್ದಾಗ ಯಾವುದು ಬದಲಾಗುತ್ತದೆ, ಯಾವುದು ಬದಲಾಗುವುದಿಲ್ಲ ಎಂಬುದೇ ಗೊತ್ತಿರುವುದಿಲ್ಲ.

ಮೊದಲು, ಕೋಡಿನ ಆವೃತ್ತಿಗಳನ್ನು ಕಾಪಿಡುವ ಗಿಟ್ ಹಿಡಿದ ದಾರಿಯನ್ನೇ ಹಿಡಿದೆ. ‘ಗಿಟ್-’ ಎಂದು ಶುರುವಾಗುವ ಹೆಸರಿನ ಯಾವುದೇ ಪ್ರೋಗ್ರಾಂ, ಕಂಪ್ಯೂಟರ್ ಕಮಾಂಡುಗಳನ್ನು ಹುಡುಕುವ ಜಾಗಗಳ ಪಟ್ಟಿಯಾದ ಪಾತ್‌ನಲ್ಲಿದ್ದರೆ ಗಿಟ್ ಅದನ್ನು ತನ್ನದೇ ಉಪಕಮಾಂಡಿನಂತೆ ಓಡಿಸುತ್ತದೆ. ಕಾರ್ಗೋ, ಕ್ಯೂಬ್‌ಸಿಟಿಎಲ್ ಎಂಬ ಕಮಾಂಡುಗಳೂ ಹೀಗೆಯೇ. ಇದರ ಸರಳತೆಗೆ ನಾನು ಇಂದಿಗೂ ಮಾರುಹೋಗುತ್ತೇನೆ: ಪ್ಲಗಿನ್ ಯಾವ ಭಾಷೆಯಲ್ಲಿದ್ದರೂ ನಡೆಯುತ್ತದೆ, ನೋಂದಣಿಯ ರಗಳೆಯಿಲ್ಲ. ಆದರೆ ನನಗೆ ಬೇಕಿದ್ದದ್ದು ಹೊಸ ಉಪಕಮಾಂಡಲ್ಲ, ಪರಿವರ್ತನೆಯ ನಡುವೆ ಕೈಹಾಕುವ ಅವಕಾಶ. ಒಂದೊಂದು ಅಧ್ಯಾಯಕ್ಕೂ ನಾಲ್ಕು ಪ್ರೋಗ್ರಾಂಗಳನ್ನು ಎಬ್ಬಿಸಿ ಪೈಪ್ (ಒಂದು ಪ್ರೋಗ್ರಾಂ ಕೊಟ್ಟದ್ದನ್ನು ಇನ್ನೊಂದಕ್ಕೆ ಹರಿಸುವ ಕೊಳವೆ) ಮೂಲಕ ಪಠ್ಯ ಸಾಗಿಸುವಾಗ ವಿಂಡೋಸ್‌ನಲ್ಲಿ ಕಾಟ ಶುರುವಾಯಿತು. ಪೈಪಿಗೆ ಬರೆಯುವಾಗ ಅಲ್ಲಿನ ಪೈಥಾನ್ ಕನ್ನಡವಿಲ್ಲದ ಹಳೆಯ ಅಕ್ಷರಪಟ್ಟಿಯಾದ ಕೋಡ್‌ಪೇಜನ್ನೇ ಹಿಡಿದುಕೊಂಡು, ಕನ್ನಡ ಅಕ್ಷರ ಕಂಡ ಕೂಡಲೇ ದೋಷ ಎಸೆದು ನಿಂತುಬಿಡುತ್ತಿತ್ತು. ಯೂನಿಕೋಡನ್ನು ಬರೆದಿಡುವ ಯುಟಿಎಫ್-8 ವಿಧಾನವನ್ನು ಕಡ್ಡಾಯ ಮಾಡುವ ಪರಿಸರ ಚರವನ್ನು (ಎನ್ವಿರಾನ್ಮೆಂಟ್ ವೇರಿಯಬಲ್) ಪ್ರತಿ ಕಂಪ್ಯೂಟರಿನಲ್ಲೂ ಹೊಂದಿಸುತ್ತ ತಿರುಗುವುದು ನನ್ನಿಂದಾಗಲಿಲ್ಲ.

ಹಾಗಾಗಿ ಪೈಥಾನಿನ ಎಂಟ್ರಿ ಪಾಯಿಂಟುಗಳಿಗೆ ಬಂದೆ. ಪ್ಲಗಿನ್ ಬರೆಯುವವರು ತಮ್ಮ ಪ್ಯಾಕೇಜಿನ ಪೈಪ್ರಾಜೆಕ್ಟ್ ಕಡತದಲ್ಲಿ ‘ಜರಡಿಯ ಈ ಗುಂಪಿಗೆ ನನ್ನ ಈ ಫಂಕ್ಷನ್ ಸೇರಿದ್ದು’ ಎಂದು ಒಂದು ಸಾಲು ಬರೆದರೆ ಸಾಕು. ಪ್ಯಾಕೇಜನ್ನು ಸ್ಥಾಪಿಸಿದಾಗ ಆ ಮಾಹಿತಿಯೂ ಜೊತೆಗೆ ಕೂರುತ್ತದೆ, ಪೈಥಾನ್ 3.8ರಿಂದ ಅದನ್ನು ಓದುವ ಸೌಲಭ್ಯ ಭಾಷೆಯ ಜೊತೆಗೇ ಬರುತ್ತದೆ. ಕೋಡ್ ಪರೀಕ್ಷಿಸುವ ಪೈಟೆಸ್ಟ್ ಉಪಕರಣ ಬಳಸುವ ಪ್ಲಗ್ಗಿ ಎಂಬ ಪ್ಲಗಿನ್ ಲೈಬ್ರರಿಯನ್ನೂ ಒಂದು ವಾರಾಂತ್ಯ ಹಿಡಿದು ನೋಡಿದೆ. ಗಟ್ಟಿ ಲೈಬ್ರರಿ, ಆದರೆ ಪಠ್ಯ ಕೊಟ್ಟು ಪಠ್ಯ ತೆಗೆದುಕೊಳ್ಳುವ ನನ್ನ ಕೆಲಸಕ್ಕೆ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಅನ್ನಿಸಿತು.

ತಪ್ಪುಗಳನ್ನು ಮಾಡಿಯೇ ಕಲಿತೆ. ಶುರುವಿನಲ್ಲಿ ಕಮಾಂಡ್ ಏಳುತ್ತಿದ್ದಂತೆ ಎಲ್ಲ ಪ್ಲಗಿನ್‌ಗಳನ್ನೂ ಲೋಡ್ ಮಾಡುತ್ತಿದ್ದೆ. ಯಾರೋ ಒಬ್ಬರು ಕೋಷ್ಟಕ ಓದಲೆಂದು ಪಾಂಡಾಸ್ ಎಂಬ ಭಾರಿ ಲೈಬ್ರರಿಯನ್ನು ತಂದು ಸೇರಿಸಿದ್ದರು. ಸಹಾಯದ ಪುಟ ತೋರಿಸು ಎಂದರೂ ಜರಡಿ ಆಕಳಿಸಿಕೊಂಡು ಏಳುತ್ತಿತ್ತು. ಈಗ ಹೆಸರುಗಳನ್ನಷ್ಟೇ ಓದುತ್ತೇನೆ, ಬಳಸುವ ಹೊತ್ತಿಗೆ ಮಾತ್ರ ಲೋಡ್. ಅದನ್ನೂ ಒಂದೊಂದಾಗಿ, ದೋಷ ಬಂದರೆ ಹಿಡಿದುಕೊಳ್ಳುವ ‘ಟ್ರೈ’ ಒಳಗೆ ಹಾಕಿದ್ದೇನೆ. ಲೋಡ್ ಆಗದ ಪ್ಲಗಿನ್ ಯಾವುದೆಂದು, ಪಠ್ಯ ಹೊರಬರುವ ಸ್ಟ್ಯಾಂಡರ್ಡ್ ಔಟ್‌ಪುಟ್ ಬಿಟ್ಟು ದೋಷಗಳಿಗೆಂದೇ ಇರುವ ಸ್ಟ್ಯಾಂಡರ್ಡ್ ಎರರ್‌ನಲ್ಲಿ ಹೆಸರು ಹೇಳಿ, ಉಳಿದವುಗಳೊಂದಿಗೆ ಮುಂದುವರಿಯುತ್ತದೆ. ಎಚ್ಚರಿಕೆಯ ಮಾತನ್ನು ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಬರೆದಿದ್ದ ದಿನಗಳಲ್ಲಿ ಅದು ನೇರವಾಗಿ ಪುಸ್ತಕದ ಅಧ್ಯಾಯದೊಳಗೇ ಸೇರಿಹೋಗಿತ್ತು!

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಪ್ಲಗಿನ್‌ಗೆ ಜರಡಿಯ ಒಳಗಿನ ಇಡೀ ಆಬ್ಜೆಕ್ಟನ್ನೇ ಕೊಟ್ಟುಬಿಟ್ಟಿದ್ದೆ, ಬೇಕಾದದ್ದು ಬಳಸಿಕೊಳ್ಳಲಿ ಎಂಬ ಉದಾರತೆಯಲ್ಲಿ. ಅತಿಥಿಗೆ ಜಗುಲಿ ತೋರಿಸುವ ಬದಲು ಅಡುಗೆಮನೆಯ ಬೀಗದ ಕೈ ಕೊಟ್ಟಂತಾಯಿತು. ಮುಂದೊಂದು ದಿನ ಒಳಗಿನ ಒಂದು ಡಿಕ್ಷನರಿಯ (ಪೈಥಾನಿನ ಒಂದು ಬಗೆಯ ಕೋಷ್ಟಕ) ಹೆಸರು ಬದಲಿಸಿದ್ದಕ್ಕೆ ಮೂರು ಪ್ಲಗಿನ್‌ಗಳು ಒಟ್ಟಿಗೆ ಮಲಗಿದವು. ಈಗ ಪಠ್ಯ ಒಳಗೆ ಹೋಗುತ್ತದೆ, ಪಠ್ಯ ಮತ್ತು ಎಚ್ಚರಿಕೆಗಳ ಪಟ್ಟಿ ಹೊರಗೆ ಬರುತ್ತದೆ, ಅಷ್ಟೇ. ಯಾವ ಆವೃತ್ತಿಯ ಒಪ್ಪಂದಕ್ಕೆ ಬರೆದದ್ದು ಎಂಬ ಒಂದು ಅಂಕಿಯನ್ನೂ ಪ್ಲಗಿನ್ ಹೇಳಬೇಕು. ಹೊಂದದಿದ್ದರೆ ಜರಡಿ ಅದನ್ನು ಮುಟ್ಟುವುದಿಲ್ಲ.

ಯಾವ ಪ್ಲಗಿನ್ ಮೊದಲು, ಯಾವುದು ನಂತರ ಎಂಬ ಕ್ರಮದ ವಿಷಯಕ್ಕೆ ಬುದ್ಧಿ ಬಂದದ್ದು ಮೇಷ್ಟ್ರ ಫೋನಿನಿಂದ. ಕರಡು ತಿದ್ದುವ ಅವರು ನಿವೃತ್ತ ಕನ್ನಡ ಅಧ್ಯಾಪಕರು. “ಏನಪ್ಪಾ, ನಿನ್ನ ಜರಡಿ ‘ರ‍್ಯಾಂಕ್’ ಅನ್ನುವುದಕ್ಕೂ ಅರ್ಕಾವತ್ತು ಹಾಕಿದೆಯಲ್ಲ?” ಎಂದರು. ನೋಡಿದರೆ ಹೌದು, ‘ರ್ಯಾಂಕ್’ ಎಂದಾಗಿತ್ತು. ಅಷ್ಟೇ ಅಲ್ಲ, ‘ರಾಜ್‌ಕುಮಾರ್’ ಹೋಗಿ ‘ರಾಜ್ಕುಮಾರ್’ ಆಗಿತ್ತು. ರ‍್ಯಾಂಕಿನ ‘ರ’ ಪೂರ್ತಿ ಉಳಿಯಬೇಕಾದರೆ ಅದರ ಬೆನ್ನಿಗೆ ಝೀರೋ ವಿಡ್ತ್ ಜಾಯಿನರ್ ಎಂಬ ಕಣ್ಣಿಗೆ ಕಾಣದ ಚಿಹ್ನೆ ಇರಬೇಕು. ರಾಜ್‌ಕುಮಾರ್‌ನಲ್ಲಿ ‘ಜ್’ ಮತ್ತು ‘ಕು’ ಅಂಟಿಕೊಳ್ಳದಿರಲು ಅದರ ಸೋದರ ನಾನ್-ಜಾಯಿನರ್. ಪರಿವರ್ತಕ ಎರಡನ್ನೂ ಸರಿಯಾಗಿಯೇ ಹಾಕಿತ್ತು. ಆದರೆ ಖಾಲಿ ಜಾಗ ಶುಚಿಮಾಡುವ ಒಂದು ಪ್ಲಗಿನ್ ಅದರ ನಂತರ ಬಂದು, ಕಾಣದ ಚಿಹ್ನೆಗಳೆಲ್ಲ ಕಸವೆಂದು ಗುಡಿಸಿ ಹಾಕಿತ್ತು. ಹಳೆಯ ಫಾಂಟಿನ ಪಠ್ಯಕ್ಕೆ ಅದು ಒಳ್ಳೆಯ ಪೊರಕೆಯೇ. ಗುಡಿಸಿದ ಹೊತ್ತು ತಪ್ಪು.

ಇದಕ್ಕೆ ಪರಿಹಾರವಾಗಿ ಮೊದಲು ಆದ್ಯತೆಯ ಅಂಕಿ ಕೊಟ್ಟು ನೋಡಿದೆ. ಒಬ್ಬರು 100 ಬರೆದರು, ಅವರಿಗಿಂತ ಮುಂದೆ ಹೋಗಲು ಇನ್ನೊಬ್ಬರು 1000 ಬರೆದರು. ಹರಾಜು ಬೇಡವೆಂದು ಅಂಕಿಗಳನ್ನು ಕಿತ್ತು ಹಾಕಿ ಮೂರು ಹಂತ ಮಾಡಿದೆ: ಪರಿವರ್ತನೆಗೆ ಮುನ್ನ, ಪರಿವರ್ತನೆ, ನಂತರ. ಪ್ಲಗಿನ್ ತಾನು ಯಾವ ಹಂತದ್ದೆಂದು ಹೇಳಲೇಬೇಕು. ಒಂದೇ ಹಂತದಲ್ಲಿ ಇಬ್ಬರಿದ್ದರೆ ಕ್ರಮ ನಿರ್ಧರಿಸುವುದು ಬಳಸುವವರ ಸಂರಚನಾ ಕಡತ, ಬರೆದವರಲ್ಲ. ಪ್ಲಗಿನ್ ಬರೆದವರಿಗಾಗಿ ಒಂದು ಪರೀಕ್ಷಾ ಕಮಾಂಡನ್ನೂ ಇಟ್ಟೆ. ಅದರಲ್ಲಿರುವ ಪದಗಳ ಪಟ್ಟಿ ಮೇಷ್ಟ್ರದು: ಸೂರ್ಯ, ಪರ್ಯಾಯ, ರ‍್ಯಾಂಕ್, ರಾಜ್‌ಕುಮಾರ್, ಹೀಗೆ.

ಇನ್ನು ‘ನಿಮ್ಮ ಪ್ಲಗಿನ್ ಹಾಕಿದ್ದೇನೆ, ಕಾಣುತ್ತಿಲ್ಲ’ ಎಂಬ ದೂರು. ಹತ್ತರಲ್ಲಿ ಒಂಬತ್ತು ಸಲ ಜರಡಿ ಇರುವುದು ಪೈಥಾನ್ ಕಮಾಂಡುಗಳನ್ನು ಸ್ಥಾಪಿಸುವ ಪಿಪ್ಎಕ್ಸ್ ಮಾಡಿಕೊಟ್ಟ ಪ್ರತ್ಯೇಕ ಪರಿಸರದಲ್ಲಿ, ಪ್ಲಗಿನ್ ಹೋಗಿ ಕೂತಿರುವುದು ಇನ್ನೆಲ್ಲೋ ಇರುವ ಪೈಥಾನಿನಲ್ಲಿ. ‘ಪಿಪ್ಎಕ್ಸ್ ಇಂಜೆಕ್ಟ್’ ಎಂದು ಅದೇ ಪರಿಸರಕ್ಕೆ ಸೇರಿಸಿದರೆ ಕಾಣುತ್ತದೆ. ಜೊತೆಗೆ ಯಾವ ಪ್ಲಗಿನ್ ಯಾವ ಪ್ಯಾಕೇಜಿನಿಂದ ಬಂತು, ಅದರ ಆವೃತ್ತಿ ಯಾವುದು, ಯಾವ ಹಂತದ್ದು ಎಂದು ತೋರಿಸುವ ‘ಪಟ್ಟಿ’ ಕಮಾಂಡ್ ಮಾಡಿದೆ. ಪ್ಲಗಿನ್ ಎಂದರೆ ಬಳಸುವವರ ಪೂರ್ತಿ ಅಧಿಕಾರದೊಂದಿಗೆ ಓಡುವ ಪರರ ಕೋಡ್. ಬೇಲಿ ಏನೂ ಇಲ್ಲ. ಅದಕ್ಕಾಗಿ ಎಲ್ಲವನ್ನೂ ಬದಿಗಿಟ್ಟು ಬರೀ ಜರಡಿಯನ್ನಷ್ಟೇ ಓಡಿಸುವ ಆಯ್ಕೆಯನ್ನೂ ಕೊಟ್ಟಿದ್ದೇನೆ.

ಕಳೆದ ತಿಂಗಳು ಒಬ್ಬ ಪ್ರಕಾಶಕರು ತಾವೇ ಒಂದು ಪ್ಲಗಿನ್ ಬರೆಸಿಕೊಂಡರು. ಅವರಿಗೆ ಅರ್ಕಾವತ್ತೇ ಬೇಡ. ‘ಸೂರ್ಯ’ನನ್ನು ‘ಸೂರ‍್ಯ’ ಎಂದೇ ಅಚ್ಚು ಹಾಕುವವರು. ಹನ್ನೊಂದು ಸಾಲಿನ ಕೋಡ್, ನನ್ನನ್ನು ಒಂದು ಮಾತೂ ಕೇಳಬೇಕಾಗಿರಲಿಲ್ಲ. ಸುದ್ದಿ ಮೇಷ್ಟ್ರ ಕಿವಿಗೆ ಬಿದ್ದು ಸಂಜೆಯೇ ಫೋನ್ ಬಂತು. “ಅದನ್ನು ನನ್ನ ಕಂಪ್ಯೂಟರಿಗೂ ಹಾಕಿದ್ದೀಯೇನಪ್ಪಾ?”

“ಇಲ್ಲ ಮೇಷ್ಟ್ರೇ, ಬೇಕಾದರೆ ‘ಪಟ್ಟಿ’ ಕಮಾಂಡ್ ಕೊಟ್ಟು ನೋಡಿ” ಎಂದೆ. ಅವರು ಕೀಲಿಮಣೆ ಕುಟ್ಟುವ ಸದ್ದು ಕೇಳಿಸಿತು. ಪಟ್ಟಿಯನ್ನು ಒಂದೊಂದೇ ಸಾಲು ಗಟ್ಟಿಯಾಗಿ ಓದಿ ಮುಗಿಸಿದ ಮೇಲೆಯೇ ಅವರು ಫೋನ್ ಇಟ್ಟದ್ದು.