ಐರಿಷ್ ಪೂರ್ವಜರ ಬೇರು ಹುಡುಕಲು ಮೊದಲು ಅಮೆರಿಕದ ಕಾಗದಗಳನ್ನು ನೋಡಿ

ಐರ್ಲೆಂಡಿನಿಂದ ಅಮೆರಿಕಕ್ಕೆ ವಲಸೆ ಹೋದ ಕುಟುಂಬದ ಮೂಲ ಹುಡುಕುವವರು ಹೆಚ್ಚಾಗಿ ಎಡವುವುದು ಮೊದಲ ಹೆಜ್ಜೆಯಲ್ಲೇ. ಹೆಸರು ಗೊತ್ತಾದ ಕೂಡಲೇ ಐರಿಷ್ ದಾಖಲೆಗಳಿಗೆ ಕೈಹಾಕುತ್ತಾರೆ. ಕಾರ್ಕ್ ಕೌಂಟಿಯಲ್ಲಿ ‘ಮೇರಿ ಸಲಿವನ್’ ಎಂದು ಹುಡುಕಿದರೆ ನೂರಾರು ಮೇರಿಯರು ಎದುರಾಗುತ್ತಾರೆ, ನಿಮಗೆ ಬೇಕಾದವಳು ಯಾರೆಂದು ತಿಳಿಯುವುದಿಲ್ಲ.

ಅಲ್ಲಿನ ಹಳೆಯ ದಾಖಲೆಗಳು ಜಾಗದ ಲೆಕ್ಕದಲ್ಲಿವೆ. ಕೌಂಟಿ ಗೊತ್ತಿದ್ದರೆ ಸಾಲದು. ಪ್ಯಾರಿಷ್, ಅಂದರೆ ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ, ಗೊತ್ತಿರಬೇಕು, ಸಾಧ್ಯವಾದರೆ ಟೌನ್‌ಲ್ಯಾಂಡ್ ಕೂಡ ಬೇಕು. ಟೌನ್‌ಲ್ಯಾಂಡ್ ಎಂದರೆ ಗಡಿ ಗುರುತಿಸಿದ ಭೂಭಾಗ, ನಮ್ಮ ಕಂದಾಯ ಗ್ರಾಮದ ಹಾಗೆ, ಆದರೆ ಸಾಮಾನ್ಯವಾಗಿ ಅದಕ್ಕಿಂತ ಚಿಕ್ಕದು. ಇಡೀ ದ್ವೀಪದಲ್ಲಿ ಇಂಥವು 60,000ಕ್ಕೂ ಹೆಚ್ಚಿವೆ. ಆ ಹೆಸರನ್ನು ಮೊದಲು ಅಮೆರಿಕದ ಕಡೆಯಲ್ಲೇ ಪತ್ತೆ ಮಾಡಬೇಕು.

ಹಂತ 1: ಜನಗಣತಿ, ಮರಣಪತ್ರ

ಇತ್ತೀಚಿನ ತಲೆಮಾರಿನಿಂದ ಹಿಂದಕ್ಕೆ ಹೋಗಿ. ಅಮೆರಿಕದ ಜನಗಣತಿಯಲ್ಲಿ ಮನೆಯ ಎಲ್ಲ ಸ್ವತಂತ್ರ ಸದಸ್ಯರ ಹೆಸರು ಬರುವುದು 1850ರಿಂದ. ವಲಸೆ ಬಂದ ವರ್ಷ ಕೇಳಿದ್ದು 1900ರಲ್ಲಿ. 1910 ಮತ್ತು 1920ರ ಉತ್ತರಗಳು ಇದಕ್ಕೆ ತಾಳೆಯಾಗದೆ ಎರಡು ಮೂರು ವರ್ಷ ಆಚೀಚೆ ಇರಬಹುದು. ಒಂದನ್ನೇ ನಂಬದೆ ಎಲ್ಲವನ್ನೂ ಬರೆದಿಡಿ. 1890ರ ಗಣತಿಯ ಬಹುಪಾಲು 1921ರ ಬೆಂಕಿಯ ನಂತರ ಉಳಿಯಲಿಲ್ಲ. ಆ ಅವಧಿಗೆ ನಗರಗಳ ಡೈರೆಕ್ಟರಿಗಳೇ (ನಿವಾಸಿಗಳ ಹೆಸರು, ವಿಳಾಸಗಳ ಪುಸ್ತಕಗಳೇ) ಗತಿ. ಮರಣಪತ್ರದಲ್ಲಿ ತಾಯಿಯ ತವರು ಮನೆತನದ ಹೆಸರಿದ್ದರೆ ಅದನ್ನು ಚಿನ್ನದಂತೆ ಕಾಪಾಡಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಂತ 2: ಊರಿನ ಹೆಸರು ಅಡಗಿರುವ ಕಡೆ

ಕೆಲಸದ ತಿರುಳು ಇದೇ. ಪೌರತ್ವದ ಅರ್ಜಿ 1906ರ ಸೆಪ್ಟೆಂಬರ್ 27ರ ನಂತರದ್ದಾದರೆ ಹುಟ್ಟಿದ ಊರು, ಹಡಗು, ಬಂದ ದಿನ ಎಲ್ಲ ಸಿಗುವ ಸಾಧ್ಯತೆ ಹೆಚ್ಚು. ಅದಕ್ಕಿಂತ ಹಳೆಯದಾದರೆ ಹಲವು ಬಾರಿ ‘ಬ್ರಿಟನ್ ರಾಣಿಯ ಪ್ರಜೆ’ ಎಂಬಷ್ಟೇ ಇರುತ್ತದೆ. ಹೆಂಗಸರ ಹೆಸರಿನಲ್ಲಿ ಹುಡುಕಿ ಬೇಸರಪಡಬೇಡಿ. 1922ರವರೆಗೆ ಹೆಂಡತಿಗೆ ಗಂಡನ ಜೊತೆಗೇ ಪೌರತ್ವ ಬರುತ್ತಿತ್ತು.

ಕ್ಯಾಥೊಲಿಕ್ ಚರ್ಚಿನ ಮದುವೆ ಪುಸ್ತಕದಲ್ಲಿ ಪಾದ್ರಿ ಕೆಲವೊಮ್ಮೆ ವಧೂವರರ ಐರಿಷ್ ಪ್ಯಾರಿಷ್ ಬರೆದಿರುತ್ತಾರೆ. ನ್ಯೂಯಾರ್ಕಿನವರಾದರೆ 1850ರಲ್ಲಿ ಶುರುವಾದ ಎಮಿಗ್ರೆಂಟ್ ಸೇವಿಂಗ್ಸ್ ಬ್ಯಾಂಕಿನ ‘ಟೆಸ್ಟ್ ಬುಕ್’ಗಳನ್ನು ನೋಡಲೇಬೇಕು. ಹಣ ತೆಗೆಯಲು ಬಂದವರು ನಿಜವಾದ ಖಾತೆದಾರರೇ ಎಂದು ಪರೀಕ್ಷಿಸಲು ಹುಟ್ಟೂರು, ತಂದೆ ತಾಯಿ, ಒಡಹುಟ್ಟಿದವರು, ಬಂದ ಹಡಗು ಇವೆಲ್ಲವನ್ನೂ ಬ್ಯಾಂಕು ಕೇಳಿ ಬರೆದುಕೊಳ್ಳುತ್ತಿತ್ತು. ‘ಬಾಸ್ಟನ್ ಪೈಲಟ್’ ಪತ್ರಿಕೆಯಲ್ಲಿ 1831ರಿಂದ 1921ರವರೆಗೆ ಬಂದ ‘ಕಾಣೆಯಾದ ಗೆಳೆಯರು’ ಜಾಹೀರಾತುಗಳಲ್ಲೂ ಊರಿನ ಹೆಸರು ಸಿಗುತ್ತದೆ.

ನಿಮ್ಮ ವ್ಯಕ್ತಿಯ ಕಾಗದಗಳಲ್ಲಿ ಏನೂ ಇಲ್ಲದಿದ್ದರೆ ಅವರ ಅಣ್ಣತಮ್ಮಂದಿರು, ಮಕ್ಕಳ ದೀಕ್ಷಾಸ್ನಾನಕ್ಕೆ ನಿಂತ ಧರ್ಮಪಿತರು, ಅಕ್ಕಪಕ್ಕದ ಮನೆಯವರ ಕಾಗದ ತೆಗೆಯಿರಿ. ಒಂದೇ ಪ್ಯಾರಿಷಿನವರು ಅಮೆರಿಕದಲ್ಲೂ ಒಂದೇ ಬೀದಿ ಹಿಡಿಯುತ್ತಿದ್ದರು.

ಹಂತ 3: ಹಡಗು

ಎಲ್ಲರಿಗೂ ಆಸೆ ಇದರ ಮೇಲೆ, ಆದರೆ ಹಳೆಯ ಕಾಲದ ಪಟ್ಟಿಯಿಂದ ಪ್ರಯೋಜನ ಕಡಿಮೆ. ಅಮೆರಿಕದ ಪ್ರಯಾಣಿಕರ ಪಟ್ಟಿಗಳು 1820ರಿಂದ ಇವೆ. ನ್ಯೂಯಾರ್ಕಿನಲ್ಲಿ ವಲಸಿಗರನ್ನು ಇಳಿಸಿಕೊಳ್ಳುವ ಕೇಂದ್ರವಾಗಿದ್ದದ್ದು 1855ರಿಂದ 1890ರವರೆಗೆ ಕ್ಯಾಸಲ್ ಗಾರ್ಡನ್, 1892ರ ಜನವರಿ 1ರಿಂದ ಎಲಿಸ್ ಐಲ್ಯಾಂಡ್. 1845ರಿಂದ ಐರ್ಲೆಂಡನ್ನು ಕಾಡಿದ ಮಹಾ ಬರಗಾಲದ ವರ್ಷಗಳ ಪಟ್ಟಿಯಲ್ಲಿ ಊರಿನ ಜಾಗದಲ್ಲಿ ಸಾಮಾನ್ಯವಾಗಿ ‘ಐರ್ಲೆಂಡ್’ ಎಂದಷ್ಟೇ ಇರುತ್ತದೆ. 1907ರಿಂದ ಊರಲ್ಲಿ ಉಳಿದ ಹತ್ತಿರದ ಬಂಧುವಿನ ಹೆಸರು, ವಿಳಾಸ ಸಿಗುತ್ತವೆ. ಎಷ್ಟೋ ಜನ ಲಿವರ್‌ಪೂಲಿನಿಂದ ಹಡಗು ಹತ್ತಿದರು, ಕೆಲವರು ಕ್ವಿಬೆಕ್‌ನಲ್ಲಿ ಇಳಿದು ಗಡಿ ದಾಟಿದರು. ಹಡಗು ಸಿಗದಿದ್ದರೆ ಬಿಟ್ಟು ಮುಂದೆ ಹೋಗಿ. ಅಂದಹಾಗೆ, ಎಲಿಸ್ ಐಲ್ಯಾಂಡಿನ ಗುಮಾಸ್ತರು ಹೆಸರು ಬದಲಿಸಿದರು ಎಂಬುದು ಕಟ್ಟುಕಥೆ. ಅವರ ಕೈಯಲ್ಲಿದ್ದದ್ದು ಹಡಗಿನವರೇ ತಯಾರಿಸಿ ತಂದ ಪಟ್ಟಿ.

ಹಂತ 4: ಐರ್ಲೆಂಡಿನ ಕಡೆ

1922ರ ಜೂನ್‌ನಲ್ಲಿ ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ದಾಖಲೆ ಭಂಡಾರ ಸುಟ್ಟು, 1821ರಿಂದ 1851ರವರೆಗಿನ ಜನಗಣತಿ ಹೆಚ್ಚುಕಡಿಮೆ ನಾಶವಾಯಿತು. 1861ರಿಂದ 1891ರವರೆಗಿನದನ್ನು ಸರ್ಕಾರವೇ ಅದಕ್ಕೂ ಮೊದಲು ಹಾಳುಮಾಡಿತ್ತು. 1901 ಮತ್ತು 1911ರ ಗಣತಿ ಪೂರ್ತಿ ಉಳಿದಿದ್ದು, ನ್ಯಾಷನಲ್ ಆರ್ಕೈವ್ಸ್ ಜಾಲತಾಣದಲ್ಲಿ ಉಚಿತ. ಆದರೆ ಈ ಹತ್ತು ವರ್ಷದಲ್ಲಿ ಹದಿನೈದು ವರ್ಷ ಹೆಚ್ಚು ವಯಸ್ಸಾದವರು ಕಂಡರೆ ಬೇರೆ ವ್ಯಕ್ತಿ ಎಂದುಕೊಳ್ಳಬೇಡಿ. 1909ರಲ್ಲಿ ಶುರುವಾದ ವೃದ್ಧಾಪ್ಯ ಪಿಂಚಣಿ 70 ದಾಟಿದವರಿಗೆ ಮಾತ್ರ ಸಿಗುತ್ತಿತ್ತು!

ಎಲ್ಲ ಧರ್ಮದವರ ಜನನ, ಮರಣ, ಮದುವೆ ನೋಂದಣಿ 1864ರಿಂದ ಇದೆ. ಅದಕ್ಕಿಂತ ಹಿಂದಕ್ಕೆ ಕ್ಯಾಥೊಲಿಕ್ ಪ್ಯಾರಿಷ್ ಪುಸ್ತಕಗಳೇ ಆಧಾರ. ಸುಮಾರು 1880ರವರೆಗಿನ ಪುಟಗಳ ಚಿತ್ರಗಳನ್ನು ನ್ಯಾಷನಲ್ ಲೈಬ್ರರಿ ಆಫ್ ಐರ್ಲೆಂಡ್ ಉಚಿತವಾಗಿ ತೋರಿಸುತ್ತದೆ. ಹಲವು ಪುಸ್ತಕಗಳು ಲ್ಯಾಟಿನ್‌ನಲ್ಲಿವೆ: ಜೇಮ್ಸ್ ಇಲ್ಲಿ ಜಾಕೊಬಸ್. ಬ್ರಿಜೆಟ್ ಅಮೆರಿಕಕ್ಕೆ ಹೋಗಿ ಡೀಲಿಯಾ ಆಗಿರಬಹುದು. ಮನೆತನದ ಹೆಸರಿನ ಮುಂದಿರುವ ‘ಓ’, ‘ಮ್ಯಾಕ್’ ಬಿಟ್ಟೂ ಹುಡುಕಿ. ಒಂದೇ ಹೆಸರಿನ ಇಬ್ಬರು ಕಂಡರೆ ತಾಯಿಯ ತವರು ಹೆಸರಿನಿಂದ ಬೇರ್ಪಡಿಸಿ.

ಕೊನೆಯದಾಗಿ ಗ್ರಿಫಿತ್ ಭೂಮೌಲ್ಯ ಪಟ್ಟಿ, 1847ರಿಂದ 1864ರವರೆಗಿನದು. ಟೌನ್‌ಲ್ಯಾಂಡ್‌ವಾರು ಜಮೀನು ಅಥವಾ ಮನೆ ಹಿಡಿದಿದ್ದವರ ಹೆಸರು ಇದರಲ್ಲಿದೆ. ಹೆಂಡತಿ ಮಕ್ಕಳು ಇಲ್ಲ. ಅಲ್ಲಿಗೆ ನಿಲ್ಲಬೇಡಿ. ಇದರ ನಂತರದ ಪರಿಷ್ಕರಣೆ ಪುಸ್ತಕಗಳಲ್ಲಿ ಹಿಡುವಳಿದಾರ ಬದಲಾದಾಗ ಹಳೆಯ ಹೆಸರನ್ನು ಬಣ್ಣದ ಶಾಯಿಯಲ್ಲಿ ಹೊಡೆದು, ಹೊಸ ಹೆಸರನ್ನೂ ವರ್ಷವನ್ನೂ ಬರೆದಿರುತ್ತಾರೆ. ಆ ವರ್ಷವನ್ನು ಅಮೆರಿಕದ ಗಣತಿ ಹೇಳುವ ವಲಸೆಯ ವರ್ಷದ ಪಕ್ಕದಲ್ಲಿಟ್ಟು ನೋಡಿ.